ಸಂಜೆಗೆ ಕಿವುಡಾಗುವ ಡಬ್ಬ

ಅಕ್ಟೋಬರ್ 6, ಬೆಳಗ್ಗೆ

ಮತ್ತೆ ಅದೇ ಧೂಳು, ಅದೇ ಕ್ರಷರ್. ಕಲ್ಲು ಒಡೆಯುವ ಸದ್ದು ಹಲ್ಲಿನ ಬೇರಿನವರೆಗೆ ಬರುತ್ತದೆ. ಚಹಾ ಇಳಿಯುವ ಮೊದಲೇ ಕಲ್ಲು ಸಾಗಿಸುವ ಬೆಲ್ಟಿನ ಫಿಟರ್ ಜೆರೆ ಹಾಜರ್. ಕೈಯಲ್ಲಿ ಮೊಳದುದ್ದ ಸ್ಪ್ಯಾನರ್. ಅದಿಲ್ಲದೆ ಅವನಿಗೆ ಮಾತೇ ಬರುವುದಿಲ್ಲ.

"ನಿನ್ ಹೊಸಾ ಡಬ್ಬ ಇವತ್ತೂ ಕೈ ಕೊಟ್ರೆ ಇದ್ರಲ್ಲೇ ಪುಡಿ ಮಾಡ್ತೀನಿ ಬೂಪೆ. ಕೋತಿ ತಿನ್ನೋಳೇ."

"ಮೊದ್ಲು ಹಲ್ಲಲ್ಲಿ ಸಿಕ್ಕಿರೋ ಇಲಿ ಬಾಲ ತೆಗಿ. ಆಮೇಲೆ ಪುಡಿ ಮಾಡೋವಂತೆ."

ಅವನು ಅಂಗೋನಿ ಬುಡಕಟ್ಟಿನವನು, ನಾನು ಬೆಂಬಾ; ಅವರು ಇಲಿ ತಿನ್ನುವವರು, ನಾವು ಕೋತಿ ತಿನ್ನುವವರು. ನಮ್ಮ ಮುತ್ತಜ್ಜಂದಿರು ಒಬ್ಬರನ್ನೊಬ್ಬರು ಈಟಿಯಿಂದ ತಿವಿದರು. ನಾವು ಬೈದುಕೊಂಡು ನಂಟು ಉಳಿಸಿಕೊಂಡಿದ್ದೇವೆ. ಎಷ್ಟು ಬೈದರೂ ಸಿಟ್ಟಾಗುವ ಹಾಗಿಲ್ಲ. ಸಾವಿನ ಮನೆಯಲ್ಲೂ ಇಲ್ಲ; ಅಲ್ಲೂ ಬೈಯುವುದೇ ಪದ್ಧತಿ.

ಮಧ್ಯಾಹ್ನ

ಹಗ್ಗದ ಪರೀಕ್ಷೆ. ಬೆಲ್ಟಿನ ಉದ್ದಕ್ಕೂ ಒಂದು ಹಗ್ಗವಿದೆ. ಯಾರಾದರೂ ಸಿಕ್ಕಿಕೊಂಡರೆ ಎಳೆಯಬೇಕು, ಬೆಲ್ಟ್ ನಿಲ್ಲಬೇಕು. ಹಗ್ಗದಿಂದ ಮೋಟರಿಗೆ ನೇರ ತಂತಿ ಇತ್ತು. ತಾಮ್ರದ ಕಳ್ಳರು ಕಿತ್ತುಕೊಂಡು ಹೋದರು. ಮ್ಯಾನೇಜರ್ ಸಿಮ್ವಿಂಗಾ ಹೊಸದು ತರಿಸಲಿಲ್ಲ. "ಸಾಫ್ಟ್‌ವೇರ್ ಇದ್ಯಲ್ಲ ಮೇಡಂ, ಅದನ್ನ ಯಾರೂ ಕದಿಯಲ್ಲ." ನಗು ಬೇರೆ. ಹಾಗಾಗಿ ಈಗ ಹಗ್ಗ ನೇತಾಡುತ್ತಿರುವುದು ಜೆರೆ ಡಬ್ಬ ಎನ್ನುವ ಕಂಪ್ಯೂಟರಿಗೆ, ಅದರೊಳಗೆ ನಾನು ಬರೆದ ಡ್ರೈವರ್ ಪ್ರೋಗ್ರಾಮಿಗೆ.

ಬಸ್ ಕಂಟ್ರೋಲರಿನ ಡ್ರೈವರ್. ಊರಿಗೆ ಹೋಗುವ ಬಸ್ಸಲ್ಲ ಎಂದು ಅಮ್ಮನಿಗೆ ಹೇಳಿ ಹೇಳಿ ಸಾಕಾಗಿದೆ. ಡಬ್ಬದೊಳಗೆ ಸರ್ಕ್ಯೂಟ್ ಕಾರ್ಡುಗಳೆಲ್ಲ ಬಂದು ಕೂರುವ ಹಾದಿ ಅದು. ಹೊಸ ಕಾರ್ಡಾದರೆ ಕರೆಯುವಾಗ ತನ್ನ ಹೆಸರು ಹೇಳುತ್ತದೆ. ಹಗ್ಗದ ಕಾರ್ಡು ಓಬೀರಾಯನ ಕಾಲದ್ದು, ಅದರ ಅಕ್ಕಪಕ್ಕದವೂ ಅಷ್ಟೇ. ಒಂದೊಂದು ಹಳೆಯ ಕಾರ್ಡೂ ಒಂದೊಂದು ಮನೆ ಅಂದುಕೊಳ್ಳಿ, ಎಲ್ಲ ಮನೆಗೂ ಸೇರಿ ಒಂದೇ ಗಂಟೆ. ಗಂಟೆ ಬಾರಿಸಿದಾಗಲೆಲ್ಲ ಡ್ರೈವರ್ ಮನೆಮನೆಗೆ ಹೋಗಿ "ನೀವಾ ಕರೆದದ್ದು?" ಎಂದು ಕೇಳಬೇಕು.

ಜೆರೆ ಹಗ್ಗ ಎಳೆದ. ಬೆಲ್ಟ್ ನಿಂತಿತು. ಮತ್ತೆ ಎಳೆದ. ನಿಂತಿತು. ಗೆದ್ದೆ.

ಅಕ್ಟೋಬರ್ 8

ಸಿಮ್ವಿಂಗಾ ಎಲ್ಲಿಂದಲೋ ಒಂದು ಹಳೆಯ ಧೂಳು ಅಳೆಯುವ ಕಾರ್ಡು ತಂದು ಡಬ್ಬದ ಖಾಲಿ ಗೂಡಿಗೆ ತುರುಕಿಸಿದ್ದಾನೆ. ಅದನ್ನೂ ಜೋಡಿಸಿದ್ದು ಅದೇ ಗಂಟೆಗೆ. ಅದಕ್ಕೆ ಡ್ರೈವರ್ ಇಲ್ಲ, ಕರೆದರೆ ಕೇಳುವವರಿಲ್ಲ.

"ಇನ್ಸ್‌ಪೆಕ್ಟರ್ ಬಂದಾಗ ದೀಪ ಉರಿದ್ರೆ ಸಾಕು ಮೇಡಂ. ಮಿಕ್ಕಿದ್ದು ನಿಧಾನಕ್ಕೆ ಬರ್ಕೊಳಿ."

ಇವನ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ಹಿಸುಕಲಿಲ್ಲ. ಸರಿ ಸಾರ್ ಅಂದೆ.

ಅಕ್ಟೋಬರ್ 9

ನಿನ್ನೆ ಸಂಜೆ ಬೆಲ್ಟ್ ಒಂದು ನಾಯಿಯನ್ನು ಎಳೆದುಕೊಂಡಿದೆ. ಬೆಳಗ್ಗೆ ರೋಲರಿನಲ್ಲಿ ಚರ್ಮ ಸುತ್ತಿಕೊಂಡಿತ್ತು, ಜೆರೆ ಚಾಕುವಿನಿಂದ ಕೆರೆದು ತೆಗೆದ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎನ್ಷಿಮಾ ಮುದ್ದೆ ಮುರಿಯುತ್ತಾ ಎಲ್ಲರಿಗೂ ಕೇಳುವ ಹಾಗೆ ಶುರುಮಾಡಿದ.

"ಬೂಪೆ ಡಬ್ಬ ಬೆಳಗ್ಗೆ ಚೆನ್ನಾಗ್ ಕೇಳ್ಸ್ಕೊಳುತ್ತೆ. ಸಂಜೆ ಆದ್ರೆ ಕಿವುಡು. ಹಗ್ಗ ಎಳುದ್ರೂ ಇಲ್ಲ, ಜೋತುಬಿದ್ರೂ ಇಲ್ಲ. ಕೋತಿ ತಿಂದೂ ತಿಂದೂ ಕಿವಿ ಒಳಗೆಲ್ಲಾ ಕೂದ್ಲು!"

ಎಲ್ಲರೂ ಮೇಜು ಗುದ್ದಿ ನಕ್ಕರು. ನಾನು ಬಿಡುತ್ತೇನೆಯೇ?

"ನಾಯಿ ಸತ್ತಿದ್ಕೆ ಅಳ್ತಿಲ್ಲ ಇವ್ನು. ಅದ್ರ ಜೊತೆ ಇಲೀನೂ ಅರೆದುಹೋಯ್ತಲ್ಲಾ ಅಂತ ಅಳ್ತಿದಾನೆ."

ಇನ್ನೂ ದೊಡ್ಡ ನಗು. ಜೆರೆಯೂ ನಕ್ಕ. ಆದರೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ.

ಅಕ್ಟೋಬರ್ 10, ಬೆಳಗ್ಗೆ

ಇರಲಿ ಎಂದು ಬಂದ ತಕ್ಷಣ ಹಗ್ಗ ಎಳೆದು ನೋಡಿದೆ. ಬೆಲ್ಟ್ ನಿಂತಿತು. ಬಾಯಿಬಡುಕ ಜೆರೆ.

ಅಕ್ಟೋಬರ್ 14

ಜೆರೆ ಸತ್ತ.

ಸಂಜೆ. ಅಂಗಿಯ ತೋಳು ರೋಲರಿಗೆ ಸಿಕ್ಕಿತು. ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಎಳೆದ. ಎಳೆದ... ಎಳೆದ... ಅಂಗೈ ಚರ್ಮ ಹಗ್ಗಕ್ಕೇ ಅಂಟಿದೆ. ಬೆಲ್ಟ್ ನಿಲ್ಲಲಿಲ್ಲ. ತೋಳು ಭುಜದಿಂದ ಕಿತ್ತು ಬಂತು. ಆಮೇಲೂ ಬಿಡಲಿಲ್ಲ. ಯಾರೋ ಓಡಿಹೋಗಿ ಕೊಡಲಿಯಿಂದ ಮೋಟರಿನ ವಿದ್ಯುತ್ ಕೇಬಲ್ಲನ್ನೇ ಕಡಿದರು. ಅಷ್ಟರಲ್ಲಿ ಕ್ರಷರಿನ ಬಾಯಲ್ಲಿ ಬೂಟು ಮಾತ್ರ ಕಾಣುತ್ತಿತ್ತು. ಕಲ್ಲುಗಳೆಲ್ಲ ಕೆಂಪು.

ಆಮೇಲೆ ಡಬ್ಬದ ಪರದೆ ನೋಡಿದೆ. "ಈ ಕರೆ ಯಾರದೂ ಅಲ್ಲ. ತಂತಿ ಮುಚ್ಚಲಾಗಿದೆ."

ಮಧ್ಯಾಹ್ನ ಧೂಳು ಏರುತ್ತದೆ. ಧೂಳಿನ ಕಾರ್ಡು ಒಂದೇ ಸಮನೆ ಗಂಟೆ ಬಾರಿಸುತ್ತದೆ. ಡ್ರೈವರ್ ಉಳಿದ ಮನೆಗಳನ್ನು ಕೇಳುತ್ತದೆ. ನಾನಲ್ಲ, ನಾನಲ್ಲ. ಲಕ್ಷ ಸಲ ಹೀಗಾದ ಮೇಲೆ ಯಂತ್ರಕ್ಕೆ ರೇಗಿ ಗಂಟೆಯ ತಂತಿಯನ್ನೇ ಮುಚ್ಚಿಬಿಡುತ್ತದೆ. ಹಗ್ಗದ ತಂತಿಯೂ ಅದೇ. ಬೆಳಗ್ಗೆ ಯಂತ್ರ ಹೊಸದಾಗಿ ಶುರುವಾದಾಗ ಮತ್ತೆ ಎಲ್ಲ ಸರಿ.

ಬೆಳಗ್ಗೆ ಕೇಳಿಸುತ್ತೆ, ಸಂಜೆ ಕಿವುಡು. ಅವನು ಹೇಳಿದ್ದು ಅಕ್ಷರ ಅಕ್ಷರ ನಿಜ. ನಾನು ಇಲಿ ಜೋಕು ಮಾಡಿದೆ.

ಅಕ್ಟೋಬರ್ 15

ಪಾಳಿಯವರು ಆಫೀಸಿಗೆ ನುಗ್ಗಿದರು. ಗಾಜು ಒಂದೂ ಉಳಿದಿಲ್ಲ. ಸಿಮ್ವಿಂಗಾನನ್ನು ಕಾರಿನಿಂದ ಕೂದಲು ಹಿಡಿದು ಎಳೆದರು. ಬೂಟುಗಾಲಿನಲ್ಲಿ ಮುಖಕ್ಕೆ ಒದ್ದರು. ದವಡೆ ಮುರಿದ ಸದ್ದು ನನಗೂ ಕೇಳಿಸಿತು. "ಮೇಡಂ, ಹೇಳಿ ಇವ್ರಿಗೆ..." ಎಂದು ರಕ್ತ ಉಗುಳುತ್ತಾ ನನ್ನ ಕಡೆ ತೆವಳಿದ. ಬಿಡಿಸಲಿಲ್ಲ. ನನ್ನ ಕೈಯಲ್ಲೂ ಕಲ್ಲಿತ್ತು.

ಅವನಿಗೆ ಹೊಡೆದರೆ ನನಗೆ ಹೊಡೆಯುವವರು ಯಾರು? ಕಲ್ಲು ಬಿಸಾಕಿ ಒಳಗೆ ಹೋದೆ. ಜೆರೆಯ ಸ್ಪ್ಯಾನರ್ ಅಲ್ಲೇ ಇತ್ತು. ಧೂಳಿನ ಕಾರ್ಡು ಕಿತ್ತು, ನೆಲದ ಮೇಲಿಟ್ಟು, ಪುಡಿಯಾಗುವವರೆಗೂ ಜಜ್ಜಿದೆ. ಬೆರಳೂ ಜಜ್ಜಿಹೋಯಿತು. ಸಮಾಧಾನವಾಗಲಿಲ್ಲ. ಪಾಪ, ಆ ಕಾರ್ಡು ಕೂಗಿಯೇ ಕೂಗಿತ್ತು.

ಅಕ್ಟೋಬರ್ 17

ಯಾರೂ ತಮ್ಮದೆನ್ನದ ಗಂಟೆ ಬಾರಿಸಿದರೆ ಬೆಲ್ಟೇ ನಿಲ್ಲುವ ಹಾಗೆ ಬರೆದೆ. ಅರ್ಧ ದಿನದ ಕೆಲಸ. ಇದ್ದದ್ದು ಅಷ್ಟೇ.

ಅಕ್ಟೋಬರ್ 18

ಮಣ್ಣು ಮಾಡುವ ದಿನ. ಹಿಂದೆ ಎಲ್ಲೋ ಬೇಲಿಯ ಹತ್ತಿರ ನಿಂತಿದ್ದೆ. ಅವನ ತಾಯಿ ಜನರನ್ನು ಸರಿಸಿಕೊಂಡು ನೇರ ನನ್ನ ಹತ್ತಿರ ಬಂದರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿ ಅಂದುಕೊಂಡೆ.

"ನೀನೇ ಏನೇ ಆ ಕೋತಿ ತಿನ್ನೋ ಹುಡ್ಗಿ?"

"ಹೌದಮ್ಮ."

"ಅಳೋರು ಬೇಕಾದಷ್ಟ್ ಜನ ಬಂದವ್ರೆ. ನನ್ ಮಗನ್ನ ಬೈಯೋರು ಒಬ್ರೂ ಇಲ್ಲ. ಬೈ."

"ಅಮ್ಮ, ಅವ್ನು ನಂಗೆ ಹೇಳಿದ್ದ. ಮುಂಚೇನೇ ಹೇಳಿದ್ದ. ನಾನು ನಕ್ಬಿಟ್ಟೆ."

"ಗೊತ್ತು. ಮನೇಗ್ ಬಂದು ಅದನ್ನೂ ಹೇಳಿ ನಕ್ಕಿದ್ದ. ಬೈಯೇ, ಹೊತ್ತಾಗುತ್ತೆ."

ಕೈ ಹಿಡಿದು ಗುಂಡಿಯ ಅಂಚಿಗೆ ಎಳೆದುಕೊಂಡು ಹೋದರು. ಪೆಟ್ಟಿಗೆ ಹಗುರವಾಗಿತ್ತು, ಹೊತ್ತವರ ಮುಖದಲ್ಲೇ ತಿಳಿಯುತ್ತಿತ್ತು. ಕೂಗಿದೆ.

"ಏಳೋ ಇಲಿ ತಿನ್ನೋನೇ! ಸೋಮಾರಿ! ಪಾಳಿ ಮುಗೀದೇನೇ ಮಲ್ಕೊಂಡ್ಯಾ?"

ಜನ ನಕ್ಕರು. ಪದ್ಧತಿ, ನಗಬೇಕು. ಎಲ್ಲರಿಗಿಂತ ಜೋರಾಗಿ ಅವನ ತಾಯಿ ನಕ್ಕರು. ಮಣ್ಣು ಬೀಳತೊಡಗಿತು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಲು ಆಗಲೂ ಇಲ್ಲ.

"ಸಂಜೆ ಆಯ್ತು, ಏಳೋ! ಹಗ್ಗ ಎಳಿ! ಈಗ ಕೇಳ್ಸುತ್ತೆ ಕಣೋ... ಒಂದ್ಸಲ ಎಳಿ, ಒಂದೇ ಒಂದ್ಸಲ, ಕೇಳ್ಸುತ್ತೆ ಅಂದ್ನಲ್ಲ, ಎಳಿಯೋ—"