ಕಿನಾಂತಿಯ ಪಾದದ ಹಿಂದೆ

ಮೇ 4, ಬೆಳಿಗ್ಗೆ

ಇವತ್ತೂ ಈಜುಕೊಳದಲ್ಲಿ ಇನ್ನೂರು ಮೀಟರಿನ ಹತ್ತು ಸುತ್ತು. ನಡುವೆ ಹದಿನೈದು ಸೆಕೆಂಡು ಉಸಿರು. ಥ್ರೆಶೋಲ್ಡ್ ಪೇಸ್, ಮೈ ತಡೆಯುವ ಹೊಸ್ತಿಲಿನ ವೇಗ... ಮೊದಲ ಸುತ್ತು ಎಷ್ಟು ಹೊತ್ತೋ ಕೊನೆಯದೂ ಅಷ್ಟೇ ಹೊತ್ತು. ನಾವೆಲ್ಲ ಸಾರ್ ಎಂಬಂತೆ ಪಾಕ್ ಎನ್ನುವ ಕೋಚ್ ದರ್ಸೊನೊ ದಂಡೆಯ ಮೇಲೆ ಚಪ್ಪಲಿ ಎಳೆಯುತ್ತ ಅದೇ ಪಾಠ ಹೇಳಿದರು: "ಹೊಸ್ತಿಲ ಮೇಲೇ ಇರಿ. ದಾಟಿದ್ರೆ ಕೈಕಾಲು ಸೀಸ ಆಗುತ್ತೆ. ನಾನೂರು ಮೀಟರ್ ಗೆಲ್ಲೋದು ಇಲ್ಲೇ, ರೇಸಲ್ಲಲ್ಲ."

ಕಿನಾಂತಿ ಮುಂದೆ, ನಾನು ಅವಳ ಪಾದದ ಹಿಂದೆ. ಆರು ವರ್ಷದಿಂದ ಹೀಗೇ. ನಾನು ಗಡಿಯಾರ ನೋಡುವುದಿಲ್ಲ, ಅವಳು ಎಬ್ಬಿಸುವ ನೊರೆ ನೋಡುತ್ತೇನೆ. ಡೆಂಗಿ ಜ್ವರದಿಂದ ಎದ್ದು ಇವತ್ತೇ ಬಂದಿದ್ದಾಳೆ. ಆರನೆಯ ಸುತ್ತಿನಲ್ಲಿ ನನ್ನ ಬೆರಳು ಅವಳ ಹಿಮ್ಮಡಿಗೆ ತಾಗಿತು. ಹಿಂದೆ ಎಂದೂ ತಾಗಿದ್ದಿಲ್ಲ.

ಮೇ 6

ಎರಡನೆಯ ಸುತ್ತಿಗೇ ತಾಗಿತು. ಗೋಡೆ ಹಿಡಿದು ನಿಂತಾಗ ಅವಳ ತುಟಿ ನೀಲಿ. ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಬೆಂಚಿನಿಂದ ಏಳಲೇ ಇಲ್ಲ.

"ಎದೆ ಪಟಪಟ ಅಂತಿದೆ ಕಣೇ ಲುಪಿ. ಮಲಗಿದ್ರೂ ನಿಲ್ಲಲ್ಲ."

"ಪಾಕ್‌ಗೆ ಹೇಳು."

"ಹೇಳಿದ್ರೆ ಮನೆಗೆ ಕಳಿಸ್ತಾರೆ. ರಾಷ್ಟ್ರೀಯ ಕೂಟದ ಆಯ್ಕೆಗೆ ಒಂದು ತಿಂಗಳೂ ಇಲ್ಲ." ತಲೆ ಒರೆಸಿಕೊಳ್ಳುತ್ತ ನಕ್ಕಳು. "ಪ್ರಾಂತ್ಯಕ್ಕೆ ಒಂದೇ ಜಾಗ. ನಾನಿಲ್ದಿದ್ರೆ ಯಾರಿಗೆ ಹೋಗುತ್ತೆ, ಗೊತ್ತಲ್ಲ?"

ಗೊತ್ತು. ನನಗೆ.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮೇ 11

ಅವಳು ಹಿಂದೆ ಬಿದ್ದದ್ದು ಕಾಣಬಾರದು ಎಂದು ನಾನೂ ನಿಧಾನ ಮಾಡುತ್ತಿದ್ದೇನೆ. ಪಾಕ್ ಸುಮ್ಮನಿರಲಿಲ್ಲ.

"ಏನು, ಇಬ್ಬರೂ ವಾಕಿಂಗ್ ಬಂದಿದ್ದೀರಾ?" ಎಂದರು. ಆಮೇಲೆ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದರು. "ಅವಳು ಹುಷಾರಾಗಿದ್ದಾಳಾ?"

"ಇದ್ದಾಳೆ, ಪಾಕ್."

ಅಂಗಡಿಯಲ್ಲಿ ಸೋಟೊ ಸೂಪು ಕುಡಿಯಲು ಕೂತಾಗ ಕಿನಾ ತನ್ನ ಬಟ್ಟಲನ್ನು ನನ್ನ ಕಡೆಗೆ ತಳ್ಳಿದಳು. ಹಸಿವಿಲ್ಲವಂತೆ. ಎರಡೂ ನಾನೇ ಕುಡಿದೆ.

ಮೇ 12, ಮಧ್ಯಾಹ್ನ

ಹೇಳಿಬಿಡೋಣ ಎಂದು ಹೋದೆ. ಪಾಕ್ ಕೋಣೆಯ ಬಾಗಿಲಲ್ಲಿ ರಿಲೇ ಹುಡುಗಿಯರು ನಿಂತಿದ್ದರು.

"ಏನೇ, ಕಿನಾ ಜಾಗ ಕೇಳೋಕೆ ಬಂದ್ಯಾ?" ಎಂದಳು ಒಬ್ಬಳು. ಬರೀ ತಮಾಷೆ. ಎಲ್ಲರೂ ನಕ್ಕರು. ನಾನೂ ನಕ್ಕು ವಾಪಸ್ ಬಂದೆ.

ಮೇ 15

ಏಳನೆಯ ಸುತ್ತು. ನೊರೆ ನಿಂತಿತು. ಅವಳು ತಿರುವು ತೆಗೆದುಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಗೋಡೆ ಇನ್ನೂ ದೂರ ಇತ್ತು.

ಬರೆಯಲಾಗುತ್ತಿಲ್ಲ.

ಮೇ 20

ಬದುಕಿದ್ದಾಳೆ. ಜ್ವರ ಹೃದಯದ ಸ್ನಾಯುವಿಗೆ ಇಳಿದಿತ್ತಂತೆ. ವಿಶ್ರಾಂತಿ ತೆಗೆದುಕೊಂಡಿದ್ದರೆ ಮಾಯುತ್ತಿತ್ತೇನೋ ಎಂದರು ಡಾಕ್ಟರ್. ಈಗ ಮೆಟ್ಟಿಲು ಹತ್ತುವುದೂ ಕಷ್ಟ.

ಪಾಕ್ ವಾರ್ಡಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದರು. "ನನಗ್ಯಾಕೆ ಕಾಣಲಿಲ್ಲ?" ಎಂದು ತಮ್ಮಷ್ಟಕ್ಕೇ ಎರಡು ಸಲ ಅಂದರು. ಹೊರಡುವಾಗ ನನ್ನ ಮುಖ ನೋಡದೆ ಹೇಳಿದರು: "ಸೋಮವಾರದಿಂದ ನೀನು ಮುಂದೆ."

ಮೇ 22

ಮುಂದೆ ಯಾರೂ ಇಲ್ಲ. ನೀರು ತಿಳಿ, ತಳದ ಕಪ್ಪು ಗೆರೆ ಒಂದೇ. ಮೊದಲ ಸುತ್ತು ವಿಪರೀತ ವೇಗ. ನಾಲ್ಕನೆಯದಕ್ಕೆ ತೋಳು ಏಳಲಿಲ್ಲ. ಪಾಕ್ ಬೈಯಲೂ ಇಲ್ಲ.

ಮೇ 25, ಸಂಜೆ

ಆಸ್ಪತ್ರೆಗೆ ಹೋಗಿದ್ದೆ. ಕಿನಾಳ ಅಮ್ಮ ಸಲಾಕ್ ಹಣ್ಣು ಸುಲಿದು ನನ್ನ ಕೈಗಿಟ್ಟರು. "ಇವಳ ಪಾಲಿಂದೂ ನೀನೇ ಈಜಬೇಕು, ಮಗಳೇ" ಎಂದು ನೀರು ತರಲು ಹೋದರು.

ಕಿನಾ ಚಾವಣಿ ನೋಡುತ್ತ ಕೇಳಿದಳು, "ನಿಂಗೊಬ್ಬಳಿಗೇ ಗೊತ್ತಿತ್ತಲ್ವಾ?"

"ನೀನೇ ಹೇಳಬೇಡ ಅಂದಿದ್ದೆ."

"ಅಂದೆ. ನಂಗೆ ಬುದ್ಧಿ ಇರಲಿಲ್ಲ. ನೀನ್ಯಾಕೆ ನನ್ನ ಮಾತು ಕೇಳಿದೆ?"

ಬಸ್ಸಿನುದ್ದಕ್ಕೂ ಉತ್ತರ ಹುಡುಕಿದೆ. ಹೇಳಿದರೆ ಲುಪಿ ಜಾಗಕ್ಕೆ ಆಸೆಪಟ್ಟಳು ಅಂತಾರೆ ಎಂಬ ಹೆದರಿಕೆ. ನಿಜ. ಆದರೆ ಅದೊಂದೇ ಅಲ್ಲ. ಹುಷಾರಾಗಿದ್ದಾಳೆ ಎಂದು ಪಾಕ್‌ಗೆ ಹೇಳಿದೆನಲ್ಲ, ಆಗ ಮನಸ್ಸಿನ ಯಾವುದೋ ಮೂಲೆಯಲ್ಲಿ ನಾನು ಆಗಲೇ ಅವಳ ಮುಂದೆ ಈಜುತ್ತಿದ್ದೆ.