ಒಂದೇ ಕೋಣೆ ಬೆಚ್ಚಗಿಡಿ ಅಂದಿರಲ್ಲ, ಮದುಮಗಳನ್ನು ನೀವೇ ಕರೆತನ್ನಿ

ಮಾನ್ಯ ಅನಿಲ ಕಚೇರಿಯ ದೊಡ್ಡ ಸಾಹೇಬರೇ,

ನನ್ನ ಮೊಮ್ಮಗನ ಹೆಂಡತಿ ತವರಿಗೆ ಹೋಗಿದ್ದಾಳೆ. ಜಗಳವಾಡಿಕೊಂಡು ಹೋದವಳಲ್ಲ, ಅತ್ತೆ ಬೈದಳೆಂದು ಮುನಿಸಿಕೊಂಡು ಹೋದವಳೂ ಅಲ್ಲ. ಗ್ಯಾಸ್ ಬಿಲ್ಲಿನ ಹಿಂಬದಿಯಲ್ಲಿ ನೀವು ಅಚ್ಚು ಹಾಕಿಸಿದ ಬುದ್ಧಿಮಾತನ್ನು ನಾವು ಒಂದಕ್ಷರ ಬಿಡದೆ ಪಾಲಿಸಿದ್ದರಿಂದ ಹೋದಳು. ಹಾಗಾಗಿ ಅವಳನ್ನು ವಾಪಸು ಕರೆತರುವ ಹೊಣೆಯೂ ನಿಮ್ಮದೇ ಎಂದು ಊರಿಗೆಲ್ಲ ಕೇಳುವಂತೆ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಕಚೇರಿಗೇ ಬಂದು ಹೇಳಬಹುದಿತ್ತಲ್ಲ ಎನ್ನಬೇಡಿ. ಬಂದಿದ್ದೆ. ಕಿಟಕಿಯಲ್ಲಿ ಕೂತಿದ್ದ ನಿಮ್ಮ ಗುಮಾಸ್ತರು ಎಲ್ಲವನ್ನೂ ಕೇಳಿಸಿಕೊಂಡು, "ಅಜ್ಜಿ, ಸೊಸೆ ವಿಷಯಕ್ಕೆ ನಮ್ಮಲ್ಲಿ ವಿಭಾಗ ಇಲ್ಲ" ಅಂದರು. ಇಲ್ಲದ ವಿಭಾಗದ ಕೆಲಸವನ್ನು ನೀವು ಎಷ್ಟು ಚೆನ್ನಾಗಿ ಮಾಡಿದ್ದೀರಿ ಎಂದು ಅವರಿಗೇ ಗೊತ್ತಿಲ್ಲ, ಪಾಪ.

"ಹಳೆಯ ಮನೆಗಳಲ್ಲಿ ಶಾಖ ಉಳಿಸುವ ಬಗೆ" ಎಂದು ತಲೆಬರಹ ಕೊಟ್ಟಿದ್ದೀರಿ. ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲ ಸಂದಿಗೆ ಬಟ್ಟೆ ಸುರುಳಿ ಇಡಿ, ಒಂದೇ ಕೋಣೆ ಬೆಚ್ಚಗಿಟ್ಟು ಉಳಿದವನ್ನು ಮುಚ್ಚಿ, ಮನೆಯೊಳಗೂ ಉಣ್ಣೆ ಧರಿಸಿ. ಸಾಹೇಬರೇ, ನಾನು ಹುಟ್ಟಿದ್ದು ಸಬಲಾನ್ ಬೆಟ್ಟದ ಹುಲ್ಲುಗಾವಲಿನಲ್ಲಿ, ಕುರಿಗಳ ನಡುವೆ. ಉಣ್ಣೆ ಎಂದರೇನೆಂದು ನನಗೆ ಹೇಳಿಕೊಡುವ ಧೈರ್ಯ ನಿಮಗೆ ಹೇಗೆ ಬಂತು? ಆದರೂ ಸರ್ಕಾರ ಹೇಳಿದೆ ಎಂದು ಎಲ್ಲವನ್ನೂ ಮಾಡಿದೆ. ಮದುವೆಯಲ್ಲಿ ನನಗೆ ಬಂದ ಜಮಖಾನವನ್ನು ಕಿಟಕಿಗೆ ಮೊಳೆ ಇಲ್ಲದೆ ಹಗ್ಗದಲ್ಲಿ ನೇತುಹಾಕಿದೆ. ಮೊಳೆ ಯಾಕಿಲ್ಲ ಎಂದು ಮುಂದೆ ಹೇಳುತ್ತೇನೆ. ಹಳೆಯ ಚಲ್ಲಣಗಳಿಗೆ ಮರಳು ತುಂಬಿ ಬಾಗಿಲ ಬುಡಕ್ಕೆ ಮಲಗಿಸಿದೆ. ಒಳಗೆ ಕಾಲಿಟ್ಟವರು ಯಾರದೋ ಕಾಲು ತುಳಿದೆವೆಂದು ಮೊದಲು ಬೆಚ್ಚಿ ಬೀಳುತ್ತಾರೆ, ಆಮೇಲೆ ಸಲಾಂ ಹೇಳುತ್ತಾರೆ.

ನಮ್ಮದು ಮಣ್ಣಿಟ್ಟಿಗೆಯ ಮನೆ. ನನ್ನ ಮಾವನ ಅಪ್ಪ ಕಟ್ಟಿಸಿದ್ದು. ಬಂದವರು ತಲೆಯೆತ್ತಿ ನೋಡಲಿ ಎಂದು ಚಾವಣಿಯನ್ನು ಅಷ್ಟು ಎತ್ತರಕ್ಕೆ ಏರಿಸಿದ. ಈಗ ಶಾಖವೆಲ್ಲ ಮೇಲಕ್ಕೆ ಹೋಗಿ ಅಲ್ಲಿ ಜೇಡಗಳನ್ನು ಸಾಕುತ್ತದೆ. ಗೋಡೆ ತುಂಬ ಬಣ್ಣಬಣ್ಣದ ಗಾಜಿನ ಚೂರುಗಳನ್ನು ಕೂಡಿಸಿದ ಮರದ ಕಿಟಕಿ. ಬಿಸಿಲು ಬಿದ್ದರೆ ಸ್ವರ್ಗ, ಗಾಳಿ ಬೀಸಿದರೆ ಒಂದೊಂದು ಚೂರೂ ಹಲ್ಲು ಕಡಿಯುತ್ತದೆ. ಚಳಿಗಾಲದಲ್ಲಿ ಓಣಿಯ ಬೆಕ್ಕುಗಳೆಲ್ಲ ನಮ್ಮ ಗೋಡೆಗೆ ಒರಗಿ ಮಲಗುತ್ತವೆ. ನಮ್ಮ ಮನೆಯ ಶಾಖ ಎಲ್ಲಿಗೆ ಹೋಗುತ್ತಿದೆ ಎಂದು ಕಂಡುಹಿಡಿಯಲು ನಿಮ್ಮ ಇಂಜಿನಿಯರು ಬರಬೇಕಿಲ್ಲ, ಬೆಕ್ಕುಗಳನ್ನು ಕೇಳಿದರೆ ಸಾಕು. ಅದು ಬೀದಿಗೆ ಹೋಗುತ್ತದೆ. ಬೀದಿ ಪುರಸಭೆಯದು. ಅಂದಮೇಲೆ ಅರ್ಧ ಬಿಲ್ಲನ್ನು ಪುರಸಭೆಗೆ ಕಳಿಸುವುದು ನ್ಯಾಯವಲ್ಲವೇ?

ಮೊದಲು ಚಳಿ ಕಾಯಿಸಲು ಕೋಣೆಗೊಂದು ಗ್ಯಾಸ್ ಒಲೆ ಉರಿಯುತ್ತಿತ್ತು. ಆಮೇಲೆ ನೀವು ಹೆಚ್ಚು ಉರಿಸಿದವರಿಗೆ ಹೆಚ್ಚು ದರ ಎಂದಿರಿ. ಮೊಬೈಲಿಗೆ "ಪ್ರಿಯ ಅತಿಬಳಕೆಯ ಗ್ರಾಹಕರೇ" ಎಂದು ಸಂದೇಶ ಕಳಿಸಿದಿರಿ. ನನ್ನ ಗಂಡ ಬದುಕಿದ್ದಷ್ಟು ಕಾಲ ಒಮ್ಮೆಯೂ ನನ್ನನ್ನು ಪ್ರಿಯ ಎಂದು ಕರೆದವನಲ್ಲ. ಆ ಭಾಗ್ಯ ನಿಮ್ಮಿಂದ ಸಿಕ್ಕಿತು. ಬಿಲ್ಲು ಬಂದ ದಿನ ಮಿನಿಬಸ್ ಓಡಿಸುವ ನನ್ನ ಮಗ ಬೈರಾಮ್ ಅದನ್ನು ನೋಡಿ ಊಟದ ನಡುವೆ ಎದ್ದ. ಒಂದೊಂದೇ ಕೋಣೆಗೆ ಹೋಗಿ ಒಲೆ ಆರಿಸಿ ಬಂದು ಮತ್ತೆ ಕೂತ. ತಟ್ಟೆಯಲ್ಲಿದ್ದ ಸಾರು ಆರಿತ್ತು. ಯಾರೂ ಬಿಸಿ ಮಾಡಿಕೊಡಲಾ ಎಂದು ಕೇಳಲಿಲ್ಲ.

ನಿಮ್ಮ ಗುಮಾಸ್ತರೊಡನೆ ಆದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ.

"ಅಜ್ಜಿ, ಆ ಹಳೇ ಕಿಟಕಿ ಕಿತ್ತು ಜೋಡಿ ಗಾಜಿಂದು ಹಾಕ್ಸಿ. ಎಷ್ಟೋ ಗ್ಯಾಸ್ ಉಳಿಯುತ್ತೆ."

"ಹಾಕಿಸ್ತೀನಿ ಕಣಪ್ಪ. ಎದುರುಗಡೆ ಕಚೇರಿಯೋರು ಬಿಡಬೇಕಲ್ಲ."

"ಅದು ಅವರ ವಿಷಯ."

ಬೀದಿ ದಾಟಿ ಎದುರುಗಡೆ ಹೋದೆ. ಅದು ಹಳೆಯ ಕಟ್ಟಡಗಳನ್ನು ಕಾಯುವ ಕಚೇರಿ. ನಮ್ಮ ಬಾಗಿಲಿಗೆ ನೀಲಿ ಬಿಲ್ಲೆ ಬಡಿದು ಹೋದವರು ಅವರೇ.

"ಅಜ್ಜಿ, ನಿಮ್ಮ ಕಿಟಕಿ ದೇಶದ ಆಸ್ತಿ. ಅದಕ್ಕೆ ಒಂದು ಮೊಳೆ ಹೊಡೆಯೋ ಹಾಗಿಲ್ಲ."

"ಕಿಟಕಿ ದೇಶದ್ದು, ಅದರಲ್ಲಿ ನುಗ್ಗೋ ಚಳಿ ಮಾತ್ರ ನಂದಾ?"

"ಚಳಿ ನಮ್ಮ ಇಲಾಖೆಗೆ ಬರಲ್ಲ ಅಜ್ಜಿ."

ಬೇಸಿಗೆಯಲ್ಲಿ ಪ್ರವಾಸಿಗರು ಬಂದು ಆ ಬಣ್ಣದ ಬೆಳಕಿನಲ್ಲಿ ಅಂಗೈ ಚಾಚಿ ಫೋಟೋ ತೆಗೆಸಿಕೊಳ್ಳುತ್ತಾರೆ. "ಎಷ್ಟು ಪುಣ್ಯವಂತರು ನೀವು" ಅನ್ನುತ್ತಾರೆ. ಅವರಲ್ಲಿ ಒಬ್ಬರಾದರೂ ಚಳಿಗಾಲದಲ್ಲಿ ಬಂದು ನನ್ನ ಪುಣ್ಯದಲ್ಲಿ ಪಾಲು ಕೇಳಿಲ್ಲ.

ಒಂದೇ ಕೋಣೆ ಬೆಚ್ಚಗಿಡಬೇಕು ಎಂದಾಗ ಅಟ್ಟದಿಂದ ಕುರ್ಸಿ ಇಳಿಸಿದೆ. ನಿಮ್ಮ ಅಜ್ಜಿಯ ಮನೆಯಲ್ಲೂ ಇದ್ದಿರಬೇಕು. ಮೊಣಕಾಲೆತ್ತರದ ಮೇಜು, ಅದರಡಿಯಲ್ಲಿ ಬೂದಿ ಮುಚ್ಚಿದ ಕೆಂಡದ ಅಗ್ಗಿಷ್ಟಿಕೆ, ಮೇಲೆ ನಾಲ್ಕೂ ಕಡೆ ನೆಲಕ್ಕಿಳಿಯುವ ಹತ್ತಿಯ ರಜಾಯಿ. ಕಾಲು ಒಳಗೆ, ತಲೆ ಹೊರಗೆ. ಊಟ, ಚಹಾ, ನಿದ್ದೆ, ಜಗಳ ಎಲ್ಲ ಅಲ್ಲಿಯೇ. ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಬೈರಾಮ್, ಮತ್ತೊಂದಕ್ಕೆ ನನ್ನ ಸೊಸೆ ಫಿರೂಜೆ. ಉಳಿದ ಬದಿ ಮೊಮ್ಮಗ ಎಲ್ಯಾರನಿಗೂ ಅವನ ಮದುಮಗಳು ಸೋಲ್ಮಾಜಳಿಗೂ. ಅವರ ಮದುವೆಯಾಗಿದ್ದು ಈ ಶರತ್ಕಾಲದಲ್ಲಿ.

ಸಾಹೇಬರೇ, ನಿಮಗೂ ಮದುವೆಯಾಗಿದೆ ಎಂದುಕೊಂಡಿದ್ದೇನೆ. ಮುಚ್ಚಿಡಿ ಎಂದು ನೀವು ಬರೆದ "ಉಳಿದ ಕೋಣೆ"ಗಳಲ್ಲಿ ಮಹಡಿಯ ಮೇಲಿನ ಚಿಕ್ಕ ಕೋಣೆಯೂ ಒಂದು. ಅದು ಆ ಇಬ್ಬರದು. ಮುದುಕಿಯ ಕೈಯಲ್ಲಿ ಇದಕ್ಕಿಂತ ಬಿಡಿಸಿ ಬರೆಸಬೇಡಿ.

ಒಂದು ಶುಕ್ರವಾರ ಮಧ್ಯಾಹ್ನ ಊಟವಾಗಿ ಎಲ್ಲರೂ ಕುರ್ಸಿಯ ಸುತ್ತ ಮಲಗಿದ್ದೆವು. ಎಲ್ಯಾರ್ ಹೆಂಡತಿಯ ಕಿವಿಯಲ್ಲಿ ಮೆಲ್ಲಗೆ, "ನಿದ್ದೆ ಬಂತಾ?" ಎಂದ.

"ಇನ್ನೂ ಇಲ್ಲಪ್ಪಾ" ಎಂದ ಬೈರಾಮ್, ಎದುರು ಬದಿಯಿಂದ.

"ನಂಗೂ ಇಲ್ಲ" ಅಂದಳು ಫಿರೂಜೆ. "ರಜಾಯಿ ಒಳಗೆ ಯಾರೋ ಕಾಲು ಹುಡುಕ್ತಾ ಇದ್ದಾರೆ. ನಂದು ಇದು, ನೋಡಿ ಹುಡುಕ್ರಿ."

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸೋಲ್ಮಾಜಳೂ ನಕ್ಕಳು. ಆದರೆ ರಜಾಯಿಯನ್ನು ಮುಖದ ಮೇಲೆ ಎಳೆದುಕೊಂಡವಳು ಚಹಾ ಬಂದರೂ ತೆಗೆಯಲಿಲ್ಲ. ನಗಬಾರದಿತ್ತು. ಆದರೆ ನಗುವೊಂದೇ ನಮ್ಮ ಮನೆಯಲ್ಲಿ ಮೀಟರಿಲ್ಲದೆ ಸಿಗುವುದು, ಏನು ಮಾಡಲಿ?

ಮೇಲಿನ ಕೋಣೆಯಲ್ಲಿ ಅವಳು ತವರಿನಿಂದ ತಂದ ಸಾಮಾನೆಲ್ಲ ಇದೆ. ಹೊದಿಕೆಗಳು, ಪಿಂಗಾಣಿ, ಮದುವೆಯ ದಿನ ಇಬ್ಬರೂ ಒಟ್ಟಿಗೆ ಮುಖ ನೋಡಿಕೊಂಡ ಬೆಳ್ಳಿ ಚೌಕಟ್ಟಿನ ಕನ್ನಡಿ, ಅದರ ಜೋಡಿ ದೀಪದ ಕಂಬ. ದೊಡ್ಡ ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ತಲೆ ಬಾಚಲೆಂದು ಮೇಲೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದರೆ ಬಾಚಣಿಗೆ ಹಿಡಿದು ನಿಂತಿದ್ದಾಳೆ. ಕನ್ನಡಿಯ ತುಂಬ ಹಿಮದ ಹೂ. ಅವಳ ಮುಖವೇ ಕಾಣುವುದಿಲ್ಲ. ಮೂಲೆಯಲ್ಲಿ ಪನ್ನೀರಿನ ಸೀಸೆ ಹೆಪ್ಪುಗಟ್ಟಿ ಒಡೆದಿತ್ತು.

"ಅಜ್ಜಿ, ಚಳಿ ಕಳೆದು ನೌರೂಜ್ ಹಬ್ಬ ಬರೋವರೆಗೆ ಅಮ್ಮನ ಮನೇಲಿ ಇದ್ದು ಬರ್ಲಾ?" ಅಂದಳು. ಅತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಅವಳ ತವರು ಹೊಸ ಬಡಾವಣೆಯ ಫ್ಲಾಟಿನಲ್ಲಿದೆ. ಎಲ್ಯಾರ್ ಜೇನಿನ ಅಂಗಡಿ ಮುಚ್ಚಿ ದಿನಾ ಸಂಜೆ ಅಲ್ಲಿಗೆ ಹೋಗಿ ಊಟಕ್ಕೆ ಮನೆಗೆ ಬರುತ್ತಾನೆ. ಚಹಾದಂಗಡಿಯ ಗಂಡಸರು ಅವನನ್ನು ಬಿಡುತ್ತಾರೆಯೇ? "ಏನೋ ಮನೆಯಳಿಯ, ಮಾವನ ಮನೆ ರೇಡಿಯೇಟರ್ ಹೇಗಿದೆಯೋ? ನಮ್ಮ ಸಲಾಂ ತಿಳಿಸಪ್ಪ." ಮೊದಮೊದಲು ಅವನೂ ನಗುತ್ತಿದ್ದ. ಈಗ ಆ ಓಣಿಯನ್ನೇ ಬಿಟ್ಟು ಸುತ್ತಿ ಬರುತ್ತಾನೆ. ಹೋದ ವಾರ ಊಟದ ನಡುವೆ ತಲೆ ಎತ್ತದೆ ಹೇಳಿದ: "ಅಜ್ಜಿ, ಅವಳು ಹಬ್ಬ ಆದ್ಮೇಲೆ ಬರ್ತೀನಿ ಅಂತಿದ್ಲಲ್ಲ, ಈಗ ಆ ಮಾತೇ ತೆಗಿಯಲ್ಲ."

ನನ್ನ ಮೊಮ್ಮಗನ ಸಂಸಾರ ನಿಲ್ಲುತ್ತದೋ ಇಲ್ಲವೋ ಎಂಬ ಪ್ರಶ್ನೆ ನಿಮ್ಮ ಬಿಲ್ಲಿನ ಹಿಂಬದಿಯಲ್ಲಿ ಎಲ್ಲಾದರೂ ಅಚ್ಚಾಗಿದೆಯೇ?

ಕೊನೆಗೆ ನಾನೇ ಹೋದೆ. ಕರಿ ಹಲ್ವ ಮಾಡಿ, ಡಬ್ಬಿ ಕಂಕುಳಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಸೋಲ್ಮಾಜಳ ತಾಯಿ ಬಾಗಿಲಲ್ಲೇ ಶುರು ಮಾಡಿದಳು: "ಬನ್ನಿ ತಾವುಸ್ ಅಮ್ಮ. ನಮ್ಮ ಹುಡುಗೀನ ನಿಮಗೆ ಕೊಟ್ಟಿದ್ದು ಸೊಸೆ ಮಾಡ್ಕೊಳ್ಳಿ ಅಂತ, ಮಂಜುಗಡ್ಡೆ ಮಾಡಿ ಅಂತಲ್ಲ." ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ನಿಮ್ಮ ಹುಡುಗಿ ನಮ್ಮಲ್ಲಿ ಕರಗಲಿಲ್ಲ ಅಂತ ಸಂತೋಷಪಡಿ" ಎಂದೆ. ಇಬ್ಬರೂ ನಕ್ಕು ಒಳಗೆ ಹೋದೆವು. ನನ್ನನ್ನು ರೇಡಿಯೇಟರಿನ ಪಕ್ಕ ಕೂರಿಸಿದರು. ಬೆನ್ನಿಗೆ ಶಾಖ ತಾಗಿತು. ಜೋಡಿಸಿಕೊಂಡು ಬಂದ ಮಾತೆಲ್ಲ ಬೆಣ್ಣೆಯ ಹಾಗೆ ಕರಗಿತು. ಸಕ್ಕರೆ ಚೂರನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದವಳು ಚಹಾ ಕುಡಿಯುವ ಮೊದಲೇ ನಿದ್ದೆ ಹೋದೆ.

ಎಚ್ಚರವಾದಾಗ ನನ್ನ ಮೇಲೆ ಶಾಲು ಹೊದಿಸಿತ್ತು. ಸೋಲ್ಮಾಜ್ ಪಕ್ಕದಲ್ಲಿ ಕೂತು ನನ್ನ ಕಾಲಿನ ಬೆರಳುಗಳನ್ನು ತಿಕ್ಕುತ್ತಿದ್ದಳು. "ಅಜ್ಜಿ, ನೀವೂ ಇಲ್ಲೇ ಇದ್ದುಬಿಡಿ, ಚಳಿ ಕಳೆಯೋವರೆಗೆ" ಅಂದಳು.

ಕರೆಯಲು ಹೋದವಳನ್ನೇ ಕರೆದಳು ಸಾಹೇಬರೇ. ನಾನು ಎದ್ದು ಬಂದೆ. ಯಾವ ಮುಖದಿಂದ ಕರೆಯಲಿ, ಎಲ್ಲಿಗೆ ಕರೆಯಲಿ?

ಮುನಿದು ಹೋದ ಮದುಮಗಳನ್ನು ಕರೆತರಲು ನಮ್ಮಲ್ಲಿ ಬಿಳಿಗಡ್ಡದ ಹಿರಿಯರು ಹೋಗುತ್ತಾರೆ, ನಿಮಗೂ ಗೊತ್ತು. ಅವರು ಬರಿಗೈಯಲ್ಲಿ ಹೋಗುವುದಿಲ್ಲ. ಗಂಡ ಕುಡಿಯುವವನಾದರೆ ಬಿಡಿಸುತ್ತೇವೆಂದು, ಅತ್ತೆ ಕಾಡುವವಳಾದರೆ ಬೇರೆ ಒಲೆ ಹಾಕಿಸುತ್ತೇವೆಂದು ಹೊಸಿಲಲ್ಲಿ ನಿಂತು ಮಾತು ಕೊಟ್ಟು ಕರೆತರುತ್ತಾರೆ. ನಮ್ಮ ಓಣಿಯ ಹಿರಿಯರನ್ನು ಕೇಳಿದೆ. "ತಾವುಸ್, ನಾವು ಏನಂತ ಮಾತು ಕೊಡೋಣ? ಗ್ಯಾಸ್ ನಮ್ಮ ಕೈಲಿದೆಯಾ?" ಎಂದರು. ಸರಿಯಾಗಿಯೇ ಹೇಳಿದರು.

ಅದು ನಿಮ್ಮ ಕೈಯಲ್ಲಿದೆ. ಆದ್ದರಿಂದ ನೀವು ಬನ್ನಿ. ಗಡ್ಡ ಬೆಳ್ಳಗಿಲ್ಲದಿದ್ದರೂ ನಡೆಯುತ್ತದೆ, ಹಿಮದಲ್ಲಿ ನಡೆದು ಬಂದರೆ ತಾನೇ ಬೆಳ್ಳಗಾಗುತ್ತದೆ. ಎದುರುಗಡೆಯ ಕಚೇರಿಯ ಸಾಹೇಬರನ್ನೂ ಕರೆದುಕೊಂಡು ಬನ್ನಿ, ಅವರ ದೇಶದ ಆಸ್ತಿ ನನ್ನ ಜಮಖಾನದ ಹಿಂದೆ ಸುರಕ್ಷಿತವಾಗಿದೆ. ಹಲ್ವದ ಡಬ್ಬಿ ನಾನೇ ಹೊರುತ್ತೇನೆ. ನೀವು ಆ ಹೊಸಿಲಲ್ಲಿ ನಿಂತು ಹುಡುಗಿಗೆ ಒಂದೇ ಒಂದು ಮಾತು ಕೊಡಬೇಕು: "ಮಗಳೇ, ನಿಮ್ಮ ಮಹಡಿಯ ಚಿಕ್ಕ ಕೋಣೆಯ ಒಲೆಯನ್ನು ಮಂಜು ಕರಗುವವರೆಗೆ ಅತಿಬಳಕೆಗೆ ಸೇರಿಸುವುದಿಲ್ಲ." ಇಷ್ಟೇ. ದೊಡ್ಡ ಕೋಣೆ ಬೇಡ, ನನಗೆ ಬೇಡ, ಜೇಡಗಳಿಗಂತೂ ಬೇಡವೇ ಬೇಡ.

ಇದು ಲೆಕ್ಕಕ್ಕೆ ಕೂಡುವುದಿಲ್ಲ ಎನ್ನುತ್ತೀರಿ. ನನ್ನ ಓದು ಎರಡು ಚಳಿಗಾಲದ್ದು. ಬೇಸಿಗೆಯಲ್ಲಿ ಕುರಿಗಳ ಹಿಂದೆ ಹೋಗುತ್ತಿದ್ದೆವು. ಶಾಲೆಗೆ ಹೋಗುವಾಗ ಪ್ರತಿ ಮಗುವೂ ಒಲೆಗೆಂದು ಒಂದು ಬೆರಣಿ ಒಯ್ಯಬೇಕಿತ್ತು. ಬೆರಣಿ ತರದವರು ಬಾಗಿಲ ಹತ್ತಿರ ಕೂರಬೇಕು. ಮೇಷ್ಟ್ರು ಕಟ್ಟುನಿಟ್ಟು. ಆದರೆ ಹಿಮದ ಬಿರುಗಾಳಿ ಎದ್ದ ದಿನ ಅವರೇ ಬಾಗಿಲ ಕಡೆ ನೋಡಿ, "ಎದ್ದು ಬನ್ರೋ ಇತ್ತ, ಇವತ್ತು ಬೆರಣಿ ಲೆಕ್ಕ ಇಲ್ಲ" ಅನ್ನುತ್ತಿದ್ದರು. ನಾನು ಕಲಿತ ಲೆಕ್ಕದಲ್ಲಿ ಅದೂ ಸೇರಿತ್ತು. ನಿಮ್ಮ ದೊಡ್ಡ ಓದಿನಲ್ಲಿ ಅದು ಯಾಕೆ ಬಿಟ್ಟುಹೋಯಿತು?

ನೀವು ಬರುವುದಿಲ್ಲ. ಗೊತ್ತು. ಇದನ್ನು ಓದಿ, ನಕ್ಕು, ಯಾರಿಗಾದರೂ ತೋರಿಸಿ, ಆಮೇಲೆ ಕಡತದಲ್ಲಿಡುತ್ತೀರಿ. ಅಷ್ಟರಲ್ಲಿ ಮತ್ತೆ ಮೊಬೈಲಿನಲ್ಲಿ ನನ್ನನ್ನು ಪ್ರಿಯ ಎನ್ನುತ್ತೀರಿ. ನಾನು ಮಾತ್ರ ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತಿ ಹೋಗಿ ಆ ಕನ್ನಡಿಯನ್ನು ತಲೆವಸ್ತ್ರದ ತುದಿಯಿಂದ ಉಜ್ಜಿ ಬರುತ್ತೇನೆ. ಅವಳೇನಾದರೂ ಹೇಳದೆ ಕೇಳದೆ ಬಂದುಬಿಟ್ಟರೆ ಮುಖ ಕಾಣಲಿ ಎಂದು. ಮಾರನೆಯ ಬೆಳಿಗ್ಗೆ ಹೋಗುವಷ್ಟರಲ್ಲಿ ಮತ್ತೆ ಹೂ ಬಿಟ್ಟಿರುತ್ತದೆ. ಮತ್ತೆ ಉಜ್ಜುತ್ತೇನೆ. ನನ್ನ ಕೈಯಲ್ಲಿರುವುದು ಅಷ್ಟೇ.

ಇಂತಿ,
ಬಾಗಿಲ ಹತ್ತಿರ ಕೂತಿರುವ
ನಿಮ್ಮ ಪ್ರಿಯ ಅತಿಬಳಕೆಯ ಗ್ರಾಹಕಿ,
ತಾವುಸ್
(ನೀಲಿ ಬಿಲ್ಲೆಯ ಮನೆ. ಗುರುತು ಸಿಗದಿದ್ದರೆ ಬೆಕ್ಕುಗಳು ಒರಗಿದ ಗೋಡೆ ನೋಡಿ.)