ಸೈಡ್‌ವಿಂಗಿನ ಕತ್ತಲೆ

ಮಾರ್ಚ್ ೯, ಸೋಮವಾರ

ಹಾರ್ಡ್ ಡಿಸ್ಕ್ ತುಂಬಿಹೋಗಿದೆ. ಬೆಳಗಿನಿಂದ ಅದೇ ಗೋಳು. ಮೂವತ್ತು ವರ್ಷ ರಂಗದ ಮೇಲೆ ಗುಡುಗಿದವನ ನಾಟಕಗಳೆಲ್ಲ ಆ ಅಂಗೈಯಗಲದ ಡಬ್ಬಿಯೊಳಗೆ ಸೆರೆ! ತಂಗಿಯ ಮಗಳು ಬಂದು ಒಂದು ವಿಡಿಯೊ ಕುಗ್ಗಿಸಿ, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಓಡಿಸಿದಳು.

"ನೋಡಿ ಮಾವ, ಕಾಲು ಭಾಗಕ್ಕೆ ಇಳಿದಿದೆ. ನಿಮ್ಮ ಮೀಸೆಯ ಒಂದು ಕೂದಲೂ ಉದುರಿಲ್ಲ."

ನಿಜ. ಕಿರೀಟ, ಕತ್ತಿ, ಗರ್ಜನೆ ಎಲ್ಲ ಹಾಗೆಯೇ ಇದ್ದವು. ಆದರೆ ನನ್ನ ಕಣ್ಣು ಹೋದದ್ದು ರಂಗದ ಎಡಗಡೆ, ಪರದೆಯ ಮರೆಯ ಸೈಡ್‌ವಿಂಗಿಗೆ. ಅಲ್ಲಿ ಕತ್ತಲೆಯಲ್ಲಿ ಕೂತು ನನಗೆ ಮಾತು ಎತ್ತಿಕೊಡುತ್ತಿದ್ದವಳು ನನ್ನವಳು. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದಳು. ಅವಳು ತೀರಿಹೋಗಿ ನಾಲ್ಕು ವರ್ಷವಾದ ಮೇಲೆ ಸಿಕ್ಕಿರುವುದು ಇದೊಂದೇ ಕಡೆ. ಹಳೆಯದರಲ್ಲಿ ಅವಳ ತುಟಿ ಅಲುಗುವುದು ಕಾಣುತ್ತದೆ. ಹೊಸದರಲ್ಲಿ ಬರೀ ಕಪ್ಪು ಚೌಕಗಳು.

"ಕತ್ತಲೆನ ಯಾರು ನೋಡ್ತಾರೆ ಅಂತ ಈ ಸಾಫ್ಟ್‌ವೇರ್ ಮೊದಲು ಅದನ್ನೇ ಒರೆಸತ್ತೆ," ಎಂದ ಹುಡುಗಿ, ಹಳೆಯದರಲ್ಲಿ ಅತ್ತೆಯನ್ನು ಕಂಡು ವಿಡಿಯೊ ನಿಲ್ಲಿಸಿದಳು.

"ಇದೊಂದು ಹಾಗೇ ಇರಲಿ. ಉಳಿದದ್ರಲ್ಲಿ ನನ್ನನ್ನ ಎಷ್ಟು ಬೇಕಾದ್ರೂ ಹಿಂಡಮ್ಮ."

"ಮೀಸೆ ಹೋದ್ರೆ?"

"ಹೋಗ್ಲಿ ಬಿಡು, ಅಂಟಿಸಿದ್ದು ತಾನೆ."

ಅವಳು ಹೊರಟ ಮೇಲೆ ಮತ್ತೊಮ್ಮೆ ಹಾಕಿದೆ. ನಾನು ಮಾತು ಮರೆತು ನಿಲ್ಲುವ ಜಾಗ ಬಂತು. ಕತ್ತಲೆಯಲ್ಲಿ ತುಟಿ ಅಲುಗಿತು, ಬೆಳಕಿನಲ್ಲಿ ನಾನು ಗುಡುಗಿದೆ. ಚಪ್ಪಾಳೆಯೆಲ್ಲ ನನಗೇ ಬಿತ್ತು. ಅವಳು ಮಾತ್ರ ಪುಟ ತಿರುವಿ, ನನ್ನ ಮುಂದಿನ ಮಾತಿಗೆ ಸಿದ್ಧಳಾದಳು.